ಹಲವು ಊರು, ಒಂದು ಸಭೆ: ಹರಡಿಕೊಂಡ ಕ್ರೈಸ್ತ ಸಭೆಯ ಮುಂದಾಳತ್ವ

ಕ್ರೈಸ್ತರ ಬಳಕೆಯಲ್ಲಿ ಸಭೆ ಎಂದರೆ ಕಟ್ಟಡವಲ್ಲ, ದೀಕ್ಷಾಸ್ನಾನ ಹೊಂದಿ ವಾರಕ್ಕೊಮ್ಮೆಯಾದರೂ ಆರಾಧನೆಗೆ ಒಟ್ಟುಸೇರುವ ಜನ. ಆ ಜನರನ್ನು ನೋಡಿಕೊಳ್ಳುವ ಹೊಣೆ ಹೊತ್ತವರು ಸಭಾಪಾಲಕರು, ಜನರ ನಡುವಿನಿಂದಲೇ ಆರಿಸಿಬಂದು ಆಡಳಿತದಲ್ಲಿ ಅವರೊಡನೆ ಕೈಜೋಡಿಸುವವರು ಹಿರಿಯರು. ಈ ಜನ ಒಂದೇ ಕೋಣೆಯಲ್ಲಿ ಹಿಡಿಸುವಷ್ಟು ಕಾಲ ಮುಂದಾಳತ್ವದ ಪ್ರಶ್ನೆ ಅಷ್ಟಾಗಿ ತಲೆಯೆತ್ತುವುದಿಲ್ಲ: ಪ್ರಸಂಗ, ಅಂದರೆ ಆರಾಧನೆಯ ಬೋಧನೆ, ಎಲ್ಲರ ಕಿವಿಗೂ ಬೀಳುತ್ತದೆ, ಕಾಣಿಕೆಯ ತಟ್ಟೆ ಎಲ್ಲರ ಕಣ್ಣೆದುರೇ ಸುತ್ತುತ್ತದೆ, ಯಾರ ಮನೆಯಲ್ಲಿ ಕಾಯಿಲೆ, ಯಾರ ಯಾರ ನಡುವೆ ಮಾತು ನಿಂತಿದೆ ಎಂಬುದು ಕೇಳದೆಯೇ ತಿಳಿದುಹೋಗುತ್ತದೆ. ಜನ ಹೆಚ್ಚಿಯೋ, ದೂರದ ಊರಿನಲ್ಲಿ ನಾಲ್ಕಾರು ಮನೆಗಳು ಹೊಸದಾಗಿ ಸೇರಿಯೋ ಅದೇ ಸಭೆ ಎರಡನೆಯ ಸ್ಥಳದಲ್ಲಿ ಕೂಡತೊಡಗಿದ ಕೂಡಲೇ ಈ ತಿಳಿವಳಿಕೆ ಕಡಿದುಹೋಗಿ, ಅಲ್ಲಿ ಬೋಧಿಸುವವರು ಯಾರು, ಕರ್ತನ ಭೋಜನವೆಂಬ ರೊಟ್ಟಿ ದ್ರಾಕ್ಷಾರಸದ ಸಂಸ್ಕಾರವನ್ನು ನಡೆಸುವವರು ಯಾರು, ಕೂಡಿದ ಕಾಣಿಕೆ ಯಾರ ಪೆಟ್ಟಿಗೆಗೆ ಹೋಗಬೇಕು, ತಪ್ಪಿ ನಡೆದವರನ್ನು ಕರೆದು ಕೇಳುವವರು ಯಾರು ಎಂಬ ಪ್ರಶ್ನೆಗಳು ಒಟ್ಟಿಗೆ ಎದ್ದು ನಿಲ್ಲುತ್ತವೆ.

ಈ ಪ್ರಶ್ನೆಗಳಿಗೆ ಬೇರೆ ಬೇರೆ ಕಾಲದ ಸಭೆಗಳು ಕೊಟ್ಟುಕೊಂಡ ಉತ್ತರಗಳನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಹರಡಿಕೊಂಡ ಯಾವ ಸಭೆಯಲ್ಲಿಯೂ ಎರಡು ಬಗೆಯ ಮುಂದಾಳುಗಳು ಇದ್ದೇ ಇರುತ್ತಾರೆ. ಒಂದು ಸ್ಥಳದಿಂದ ಇನ್ನೊಂದಕ್ಕೆ ಸಂಚರಿಸುತ್ತ ಬಂದು ಹೋಗುವವರು ಒಂದು ಬಗೆ, ಬಂದವರು ಹೋದ ಮೇಲೂ ಅಲ್ಲಿಯೇ ಇರುವವರು ಮತ್ತೊಂದು ಬಗೆ. ಚರಿತ್ರೆ ಬರೆದವರ ಕಣ್ಣು ಸಾಮಾನ್ಯವಾಗಿ ಮೊದಲನೆಯವರ ಮೇಲೆ ಬಿದ್ದಿದೆ, ಪ್ರತಿಮೆ ನಿಂತಿರುವುದೂ ಅವರಿಗೇ. ಆದರೆ ಸಭೆಯ ಭಾರ ನಿಜವಾಗಿ ಕೂತಿರುವುದು ಎರಡನೆಯವರ ಹೆಗಲ ಮೇಲೆ, ಮತ್ತು ಅವರಿಗೆ ಎಷ್ಟು ಅಧಿಕಾರ ಕೊಡಲಾಗಿತ್ತು ಎಂಬುದರ ಮೇಲೆಯೇ ಆ ಸಭೆ ಬಾಳಿದೆಯೋ ಬಿದ್ದಿದೆಯೋ ಎಂಬುದು ನಿರ್ಧಾರವಾಗಿದೆ ಎಂಬುದು ಇಲ್ಲಿನ ವಾದ. ಸ್ಥಾವರಕ್ಕಿಂತ ಜಂಗಮಕ್ಕೆ ಹೆಚ್ಚಿನ ಮಾನ ಕೊಟ್ಟ ನಾಡಿನ ಓದುಗರಿಗೆ ಈ ನಿಲುವು ತುಸು ಒಗ್ಗದಿರಬಹುದು. ಇಲ್ಲಿ ನಿಲ್ಲುವುದೆಂದರೆ ಕಲ್ಲಿನ ಗುಡಿಯಲ್ಲ, ಹೊಣೆ ಹೊತ್ತ ಮನುಷ್ಯ ಎಂಬುದನ್ನು ಮರೆಯದಿದ್ದರೆ ಸಾಕು.

ಮೊದಲ ಶತಮಾನದ ಸಾಕ್ಷ್ಯ ಬೈಬಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯಲ್ಲಿಯೇ ಇದೆ. ಊರೂರು ಸಂಚರಿಸಿ ಸಭೆಗಳನ್ನು ಹುಟ್ಟುಹಾಕಿದ ಅಪೊಸ್ತಲ ಪೌಲನು ಕೊರಿಂಥದಲ್ಲಿ ಇದ್ದದ್ದು ಸುಮಾರು ಒಂದೂವರೆ ವರ್ಷ, ಎಫೆಸದಲ್ಲಿ ಎರಡು ವರ್ಷಕ್ಕೂ ಮೇಲ್ಪಟ್ಟು. ಉಳಿದ ಬಹಳಷ್ಟು ಊರುಗಳಲ್ಲಿ ಅವನ ವಾಸ ಇನ್ನೂ ಚಿಕ್ಕದು. ಲುಸ್ತ್ರ, ಇಕೋನ್ಯ, ಅಂತಿಯೋಕ್ಯಗಳಲ್ಲಿ ಕಲ್ಲೇಟು ತಿಂದು, ಊರು ಬಿಟ್ಟು ಓಡಿಸಿಕೊಂಡ ಅವನು ಮತ್ತೆ ಅದೇ ಹಾದಿಯಲ್ಲಿ ಹಿಂತಿರುಗಿ ಹೋಗಿ ಸಭೆ ಸಭೆಗೂ ಹಿರಿಯರನ್ನು ನೇಮಿಸಿದನೆಂದು ಹೊಸ ಒಡಂಬಡಿಕೆಯ ಪುಸ್ತಕವಾದ ಅಪೊಸ್ತಲರ ಕೃತ್ಯಗಳು ತಿಳಿಸುತ್ತದೆ. ಅವನ ಹೆಸರಿನಲ್ಲಿರುವ ಪತ್ರವೊಂದರ ಪ್ರಕಾರ ಜೊತೆಗಾರ ತೀತನನ್ನು ಕ್ರೇತ ದ್ವೀಪದಲ್ಲಿ ಬಿಟ್ಟುಬಂದದ್ದೂ ಊರೂರಿಗೆ ಹಿರಿಯರನ್ನು ಗೊತ್ತುಮಾಡುವ ಕೆಲಸಕ್ಕಾಗಿಯೇ. ಕೊರಿಂಥದ ಬಂದರಾದ ಕೆಂಖ್ರೆಯಲ್ಲಿದ್ದ ಸಭೆಯ ಸೇವಕಿ ಫೊಯಿಬೆ, ತಮ್ಮ ಮನೆಯಲ್ಲಿಯೇ ಸಭೆಗೆ ಜಾಗ ಕೊಟ್ಟ ಅಕ್ವಿಲ ಮತ್ತು ಪ್ರಿಸ್ಕಿಲ್ಲ ದಂಪತಿ, ಇಂಥವರ ಹೆಸರುಗಳು ಪತ್ರಗಳ ಕೊನೆಯ ವಂದನೆಗಳಲ್ಲಿ ಬರುವುದರಿಂದ ಓದುವವರು ಬೇಗ ದಾಟಿಹೋಗುತ್ತಾರೆ. ಆ ಪಟ್ಟಿಗಳು ಬಹುಮಟ್ಟಿಗೆ ಊರಿನಲ್ಲಿ ಉಳಿದವರ ಪಟ್ಟಿಗಳು. ಕೊಲೊಸ್ಸೆಗೆ ಬರೆದ ಪತ್ರವನ್ನು ಲವೊದಿಕೀಯದಲ್ಲಿಯೂ ಅಲ್ಲಿಂದ ಬರುವ ಪತ್ರವನ್ನು ಕೊಲೊಸ್ಸೆಯಲ್ಲಿಯೂ ಓದಿಸಬೇಕೆಂಬ ಸೂಚನೆ ಸಿಗುತ್ತದೆ. ದೂರದಲ್ಲಿದ್ದವನ ಮಾತು ಸಂಚರಿಸಿತು, ಆದರೆ ಅದನ್ನು ಕೂಟದಲ್ಲಿ ಎತ್ತಿ ಓದಿದ ದನಿ ಆ ಊರಿನದೇ ಆಗಿತ್ತು.

ಐದನೆಯ ಶತಮಾನದ ರೋಮ್ ನಗರದಲ್ಲಿ ಇದೇ ಸಮಸ್ಯೆಗೆ ಬೇರೊಂದು ಪರಿಹಾರವಿತ್ತು, ಮತ್ತು ಅದು ಅತ್ಯಂತ ಸೂಕ್ಷ್ಮವಾದದ್ದು. ಬಿಷಪ್ ಎಂದರೆ ಒಂದು ಪ್ರದೇಶದ ಎಲ್ಲ ಸಭೆಗಳ ಮೇಲ್ವಿಚಾರಣೆ ಹೊತ್ತ ಅಧ್ಯಕ್ಷ. ರೋಮಿನ ಜನ ಒಬ್ಬ ಬಿಷಪ್ ನಡೆಸುವ ಆರಾಧನೆಗೆ ಒಂದೆಡೆ ಸೇರಲಾಗದಷ್ಟು ಹೆಚ್ಚಿದ್ದರಿಂದ, ನಗರದ ಒಳಗಿನ ಬೇರೆ ಬೇರೆ ಆಲಯಗಳಲ್ಲಿ ಗುರುಗಳು ತಮಗೆ ವಹಿಸಿದ ಜನರೊಂದಿಗೆ ಭಾನುವಾರ ಪ್ರತ್ಯೇಕವಾಗಿ ಕೂಡುತ್ತಿದ್ದರು. ಬಿಷಪ್ಪರು ತಾವು ಪವಿತ್ರೀಕರಿಸಿದ ರೊಟ್ಟಿಯ ಒಂದು ತುಣುಕನ್ನು ಸಹಾಯಕರ ಕೈಯಲ್ಲಿ ಆ ಆಲಯಗಳಿಗೆ ಕಳಿಸಿಕೊಡುವ ಪದ್ಧತಿ ಇತ್ತು. ಲ್ಯಾಟಿನ್ ಭಾಷೆಯಲ್ಲಿ ಫರ್ಮೆಂಟುಮ್ ಎಂದು, ಅಂದರೆ ಹುಳಿಹಿಟ್ಟು ಎಂದು ಕರೆಯುತ್ತಿದ್ದ ಈ ತುಣುಕಿನ ವಿಷಯ 416ರಲ್ಲಿ ಒಂದನೆಯ ಇನ್ನೊಸೆಂಟ್ ಪೋಪರು ಗುಬ್ಬಿಯೊ ಎಂಬ ಊರಿನ ಬಿಷಪ್ ಡಿಸೆಂಟಿಯಸ್ ಅವರಿಗೆ ಬರೆದ ಪತ್ರದಲ್ಲಿದೆ. ತಮ್ಮ ಜನರನ್ನು ಬಿಟ್ಟು ಬರಲಾಗದ ಗುರುಗಳು ಆ ದಿನ ಬಿಷಪ್ಪರ ಸಹಭಾಗಿತ್ವದಿಂದ ತಾವು ಹೊರಗುಳಿದೆವು ಎಂದುಕೊಳ್ಳಬಾರದು ಎಂಬುದೇ ಈ ಏರ್ಪಾಟಿನ ಕಾರಣ ಎಂದು ಆ ಪತ್ರ ವಿವರಿಸುತ್ತದೆ. ಹಾಗೆಯೇ ಊರಾಚೆಯ ಸಭೆಗಳಿಗೆ ಇದನ್ನು ಕಳಿಸಕೂಡದು, ಸಂಸ್ಕಾರವನ್ನು ಬಹುದೂರ ಹೊತ್ತೊಯ್ಯುವುದು ತರವಲ್ಲ, ಅಲ್ಲಿನ ಗುರುಗಳಿಗೆ ತಾವೇ ಪವಿತ್ರೀಕರಿಸುವ ಹಕ್ಕಿದೆ ಎಂದೂ ಹೇಳುತ್ತದೆ. ಗಮನಿಸಬೇಕಾದ ಸಂಗತಿ ಎಂದರೆ, ಬಿಷಪ್ಪರ ಪ್ರಸಂಗವನ್ನು ಬರೆದುಕೊಂಡು ಹೋಗಿ ಎಲ್ಲ ಆಲಯಗಳಲ್ಲಿ ಓದಿಸಬೇಕು ಎಂದು ಆ ಪತ್ರ ಕೇಳುವುದಿಲ್ಲ. ಐಕ್ಯದ ಗುರುತು ಒಂದು ಚೂರು ರೊಟ್ಟಿ; ಪರಾಮರಿಕೆ, ಜನರ ಪರಿಚಯ ಇವು ಆಯಾ ಆಲಯದ ಗುರುವಿಗೆ ಸೇರಿದವು.

ಆದರೆ ಈ ವಿಷಯದಲ್ಲಿ ಅತ್ಯಂತ ವಿಸ್ತಾರವಾದ, ಬರವಣಿಗೆಯಲ್ಲಿ ಸಾಕಷ್ಟು ಉಳಿದುಬಂದ ಪ್ರಯೋಗ ಹದಿನೆಂಟನೆಯ ಶತಮಾನದ ಇಂಗ್ಲೆಂಡಿನದು. ಜಾನ್ ವೆಸ್ಲಿ ಇಂಗ್ಲೆಂಡಿನ ಅಧಿಕೃತ ಸಭೆಯಾದ ಆಂಗ್ಲಿಕನ್ ಸಭೆಯ ಗುರುಗಳು. 1739ರಲ್ಲಿ ಬ್ರಿಸ್ಟಲ್ ನಗರದ ಹೊರಬಯಲಿನಲ್ಲಿ ಗಣಿ ಕೆಲಸಗಾರರಿಗೆ ಬೋಧಿಸತೊಡಗಿದ ಅವರು ಮುಂದಿನ ಐವತ್ತು ವರ್ಷ ಹೆಚ್ಚಾಗಿ ಕುದುರೆಯ ಮೇಲೆ ದೇಶ ಸುತ್ತಿದರು. ಅವರಿಗಿಂತ ದೊಡ್ಡ ವಾಗ್ಮಿ ಎನಿಸಿಕೊಂಡಿದ್ದ ಜಾರ್ಜ್ ವೈಟ್‌ಫೀಲ್ಡ್ ಅದೇ ಕಾಲದಲ್ಲಿ ಅದಕ್ಕಿಂತ ದೊಡ್ಡ ಜನಸಂದಣಿಯನ್ನು ಸೆಳೆದಿದ್ದರೂ ಅವರ ಕೇಳುಗರು ಒಂದು ಸಮುದಾಯವಾಗಿ ಅಷ್ಟು ಗಟ್ಟಿಯಾಗಿ ಉಳಿಯಲಿಲ್ಲ. ಮೆಥಡಿಸ್ಟರು ಎಂದು ಹೆಸರಾದ ವೆಸ್ಲಿಯವರ ಹಿಂಬಾಲಕರು ಉಳಿದರು. ಈ ವ್ಯತ್ಯಾಸಕ್ಕೆ ದೈವಶಾಸ್ತ್ರದ ಕಾರಣಗಳನ್ನು ಕೊಡುವವರಿದ್ದಾರೆ, ಆದರೆ ಹತ್ತಿರದ ಕಾರಣ ಒಂದು ಸಾಲದ ಲೆಕ್ಕದಲ್ಲಿದೆ. ಬ್ರಿಸ್ಟಲಿನಲ್ಲಿ ಕಟ್ಟಿಸಿದ ಕೂಟದ ಮನೆಯ ಸಾಲ ತೀರಿಸುವುದು ಹೇಗೆ ಎಂದು 1742ರ ಫೆಬ್ರವರಿಯಲ್ಲಿ ಚರ್ಚೆಯಾದಾಗ, ಸದಸ್ಯರು ವಾರಕ್ಕೊಂದು ಪೆನ್ನಿ ಕೊಡಲಿ ಎಂಬ ಸಲಹೆ ಬಂತು. ಎಷ್ಟೋ ಜನ ಅದನ್ನೂ ಕೊಡಲಾರದಷ್ಟು ಬಡವರು ಎಂಬ ಆಕ್ಷೇಪಣೆ ಎದ್ದಾಗ, ಕ್ಯಾಪ್ಟನ್ ಫಾಯ್ ಎಂಬ ಸದಸ್ಯರು ಹನ್ನೊಂದು ಬಡವರ ಹೆಸರನ್ನು ತನ್ನ ಲೆಕ್ಕಕ್ಕೆ ಹಾಕಿರಿ, ಕೊಟ್ಟವರಿಂದ ಪಡೆದು ಉಳಿದದ್ದನ್ನು ತಾನೇ ತುಂಬುವೆ ಎಂದು ಮುಂದೆ ಬಂದರು. ಹಾಗೆ ಹನ್ನೆರಡು ಹನ್ನೆರಡು ಜನರ ಗುಂಪುಗಳಾದವು, ಒಂದೊಂದಕ್ಕೆ ಒಬ್ಬ ನಾಯಕ. ಪೆನ್ನಿ ಎತ್ತಲು ಮನೆ ಮನೆಗೆ ಹೋದ ನಾಯಕರು ಇಂಥಲ್ಲಿ ಗಂಡ ಕುಡಿಯುತ್ತಾನೆ, ಇಂಥಲ್ಲಿ ಜಗಳ ನಡೆದಿದೆ, ಇಂಥವರು ಮಲಗಿದ್ದಾರೆ ಎಂದು ವರದಿ ತಂದಾಗ, ಬಹುಕಾಲದಿಂದ ತಾವು ಹುಡುಕುತ್ತಿದ್ದದ್ದು ಇದೇ ಎಂದು ವೆಸ್ಲಿ ಕಂಡುಕೊಂಡರು.

ಕ್ಲಾಸ್ ಎಂದು ಹೆಸರಾದ ಈ ಸಣ್ಣ ಗುಂಪೇ ಮೆಥಡಿಸ್ಟ್ ಸಭೆಯ ಬುಡ. ನಾಯಕರು ಬೇರೆ ಊರಿನಿಂದ ಬಂದವರಲ್ಲ. ನೇಕಾರ, ಚಮ್ಮಾರ, ಅಂಗಡಿಯವ, ಅವರಲ್ಲಿ ಹೆಂಗಸರೂ ಸಾಕಷ್ಟು. ಅವರ ಕೈಯಲ್ಲಿ ಕ್ಲಾಸ್ ಪುಸ್ತಕವೆಂಬ ಹಾಜರಿ ಪುಸ್ತಕವಿರುತ್ತಿತ್ತು, ವಾರ ವಾರದ ಹಾಜರಿಗೂ ಗೈರಿಗೂ ಅದರಲ್ಲಿ ಗುರುತು. ಮೂರು ತಿಂಗಳಿಗೊಮ್ಮೆ ಸಂಚಾರಿ ಬೋಧಕರು ಬಂದಾಗ ಆ ಪುಸ್ತಕ ನೋಡಿ, ಒಬ್ಬೊಬ್ಬರನ್ನೂ ಮಾತಾಡಿಸಿ, ಬೈಬಲ್ ವಚನ ಅಚ್ಚಾದ ಒಂದು ಸಣ್ಣ ಟಿಕೆಟನ್ನು ಹೊಸದಾಗಿ ಕೊಡುತ್ತಿದ್ದರು. ಟಿಕೆಟ್ ಸಿಗದವರು ಸದಸ್ಯರಲ್ಲ, ಪ್ರೇಮಭೋಜನವೆಂಬ ಅಂತರಂಗದ ಕೂಟಕ್ಕೆ ಅವರಿಗೆ ಪ್ರವೇಶವಿಲ್ಲ. ಇದರಲ್ಲಿ ಕಟ್ಟುನಿಟ್ಟಿನ ಕಣ್ಗಾವಲು ಇತ್ತೆಂಬುದನ್ನು ಅಲ್ಲಗಳೆಯಲಾಗದು, ಇಂದಿನವರು ಅದನ್ನು ಸಹಿಸಲಾರರು. ಆದರೂ ಬೋಧಕರು ಅಪರಿಚಿತರಾಗಿಯೇ ಬಂದು ಅಪರಿಚಿತರಾಗಿಯೇ ಹೋಗುವ ವ್ಯವಸ್ಥೆಯಲ್ಲಿ ಪ್ರತಿ ಸದಸ್ಯರನ್ನೂ ವಾರಕ್ಕೊಮ್ಮೆ ಹೆಸರು ಹಿಡಿದು ಕರೆಯುವ ಒಬ್ಬರು ಇದ್ದೇ ಇದ್ದರು.

ಸಂಚಾರಿಗಳ ವ್ಯವಸ್ಥೆಯೂ ಅಷ್ಟೇ ಲೆಕ್ಕಾಚಾರದ್ದು. 1744ರಲ್ಲಿ ಲಂಡನ್ನಿನ ಹಳೆಯ ಫಿರಂಗಿ ಎರಕದ ಮನೆಯಲ್ಲಿ ಬೆರಳೆಣಿಕೆಯ ಗುರುಗಳೂ ಬೋಧಕರೂ ಸೇರಿ ನಡೆಸಿದ ಸಮಾಲೋಚನೆ ಕಾನ್ಫರೆನ್ಸ್ ಎಂಬ ವಾರ್ಷಿಕ ಸಮ್ಮೇಳನವಾಗಿ ಬೆಳೆಯಿತು; 1746ರ ಹೊತ್ತಿಗೆ ದೇಶ ಏಳು ಸರ್ಕಿಟ್‌ಗಳಾಗಿ, ಅಂದರೆ ಬೋಧಕರು ಸುತ್ತಿ ಬರಬೇಕಾದ ವಲಯಗಳಾಗಿ ಹಂಚಿಕೆಯಾಗಿತ್ತು. ಬೋಧಕರನ್ನು ಒಂದೆರಡು ವರ್ಷಕ್ಕೊಮ್ಮೆ, ಬಹಳವೆಂದರೆ ಮೂರು ವರ್ಷಕ್ಕೆ ಎತ್ತಿ ಬೇರೆ ವಲಯಕ್ಕೆ ಹಾಕಲಾಗುತ್ತಿತ್ತು. ಈ ವರ್ಗಾವಣೆಯ ಗುಟ್ಟು ಬೋಧಕರನ್ನು ಊರಿನ ಒಡೆಯರಾಗಲು ಬಿಡದಿರುವುದು. ವೆಸ್ಲಿಯವರೇ, ತಾವು ಒಂದೇ ಊರಿನಲ್ಲಿ ವರ್ಷವಿಡೀ ಬೋಧಿಸಬೇಕಾಗಿ ಬಂದರೆ ತಮಗೂ ಕೇಳುಗರಿಗೂ ನಿದ್ದೆ ಹಿಡಿದೀತು ಎಂಬ ಅರ್ಥದ ಮಾತು ಆಡಿದ್ದುಂಟು. ಬೋಧಕರು ಇಲ್ಲದ ಭಾನುವಾರಗಳನ್ನು ತುಂಬಲು ಸ್ಥಳೀಯ ಬೋಧಕರೆಂಬ ಸಂಬಳವಿಲ್ಲದ ಗೃಹಸ್ಥರಿದ್ದರು. ಯಾರು ಯಾವ ದಿನ ಎಲ್ಲಿ ಎಂಬುದನ್ನು ತಿಳಿಸಲು ಮೂರು ತಿಂಗಳಿಗೊಂದು ಹಾಳೆ ಅಚ್ಚಾಗತೊಡಗಿತು, ಅದರ ಹೆಸರು ಪ್ಲಾನ್. ಎಡಗಡೆ ಮೇಲಿನಿಂದ ಕೆಳಗೆ ಆಲಯಗಳ ಹೆಸರು, ಮೇಲ್ಗಡೆ ಸಾಲಾಗಿ ಭಾನುವಾರಗಳ ತಾರೀಖು, ನಡುವಿನ ಚೌಕಗಳಲ್ಲಿ ಬೋಧಕರ ಹೆಸರಿಗೆ ಬದಲು ಒಂದೊಂದು ಸಂಖ್ಯೆ, ಸಂಸ್ಕಾರಕ್ಕೂ ವಿಶೇಷ ಕಾಣಿಕೆಗೂ ಒಂದೊಂದು ಅಕ್ಷರದ ಗುರುತು. ಹಿರಿಯ ಗುರುವಿಗೂ, ವಾರವಿಡೀ ಮಗ್ಗದ ಮುಂದೆ ಕೂತು ಭಾನುವಾರ ಹತ್ತು ಮೈಲಿ ನಡೆದು ಬರುವ ನೇಕಾರನಿಗೂ ಆ ಹಾಳೆಯಲ್ಲಿ ಇದ್ದದ್ದು ಒಂದೊಂದು ಸಂಖ್ಯೆ ಮಾತ್ರ. ಇಂದು ಹಲವು ಸ್ಥಳಗಳ ಸಭೆ ನಡೆಸುವವರು ದುಬಾರಿ ಸಲಹೆಗಾರರನ್ನು ಇಟ್ಟುಕೊಂಡು ರೂಪಿಸುವ ಯೋಜನೆಗಳಲ್ಲಿ ಈ ಹಾಳೆಯ ಸರಳತೆ ಕಾಣಸಿಗುವುದು ಕಡಿಮೆ.

ಆಸ್ತಿಯ ಪ್ರಶ್ನೆಯನ್ನೂ ವೆಸ್ಲಿ ಕೈಬಿಡಲಿಲ್ಲ. ಆಲಯಗಳು ಊರಿನ ಟ್ರಸ್ಟಿಗಳ ಹೆಸರಿನಲ್ಲಿರಲಿ, ಆದರೆ ಅಲ್ಲಿ ಬೋಧಿಸುವವರನ್ನು ಕಾನ್ಫರೆನ್ಸ್ ನೇಮಿಸಬೇಕು, ಬೋಧನೆ ವೆಸ್ಲಿಯವರ ಪ್ರಸಂಗಗಳ ಸಂಪುಟಗಳಿಗೂ ಹೊಸ ಒಡಂಬಡಿಕೆಯ ಟಿಪ್ಪಣಿಗಳಿಗೂ ವಿರುದ್ಧವಾಗಿರಬಾರದು ಎಂದು 1763ರ ಮಾದರಿ ಪತ್ರ ಗೊತ್ತುಪಡಿಸಿತು. ತಮ್ಮ ಬಳಿಕ ತಮ್ಮ ಸ್ಥಾನಕ್ಕೆ ಬರಬೇಕಾದ್ದು ಒಬ್ಬ ವ್ಯಕ್ತಿಯಲ್ಲ, ಒಂದು ಮಂಡಲಿ ಎಂದು ನಿರ್ಧರಿಸಿ 1784ರಲ್ಲಿ ನೂರು ಬೋಧಕರ ಹೆಸರು ಬರೆದು ಕಾನ್ಫರೆನ್ಸಿಗೆ ಕಾನೂನಿನ ರೂಪ ಕೊಟ್ಟರು. 1791ರಲ್ಲಿ ಅವರು ತೀರಿಕೊಂಡಾಗ ಬ್ರಿಟನ್ ಮತ್ತು ಐರ್ಲೆಂಡ್ ಸೇರಿ ಸುಮಾರು 72 ಸಾವಿರ ಸದಸ್ಯರಿದ್ದರು, ಸಭೆ ಚದುರಲಿಲ್ಲ.

ಆದರೂ ಈ ವ್ಯವಸ್ಥೆಯನ್ನು ಹೊಗಳಿ ಮುಗಿಸುವಂತಿಲ್ಲ. ಉಳಿಯುವವರ ಮೇಲೆ ಭಾರ ಹೇರಿದ ವೆಸ್ಲಿ ಅವರಿಗೆ ಮತ ಕೊಡಲಿಲ್ಲ. ಆ ನೂರು ಜನರೂ ಸಂಚಾರಿ ಬೋಧಕರೇ. ಕರ್ತನ ಭೋಜನವನ್ನು ತಮ್ಮ ಆಲಯದಲ್ಲಿಯೇ ಪಡೆಯುವ ಹಕ್ಕು ಕೂಡ ಜನರಿಗೆ ತಕರಾರಿನ ನಂತರ, 1795ರಲ್ಲಿ, ಟ್ರಸ್ಟಿಗಳೂ ನಾಯಕರೂ ಬಹುಮತದಿಂದ ಒಪ್ಪಿದ ಕಡೆ ಮಾತ್ರ ಎಂಬ ಷರತ್ತಿನೊಂದಿಗೆ ಸಿಕ್ಕಿತು. ಆಡಳಿತದಲ್ಲಿ ಗೃಹಸ್ಥರಿಗೂ ಪಾಲು ಬೇಕೆಂದು ವಾದಿಸಿದ ಅಲೆಕ್ಸಾಂಡರ್ ಕಿಲ್ಹಮ್ ಅವರನ್ನು ಹೊರಹಾಕಿದ ಮೇಲೆ 1797ರಲ್ಲಿ ಮೊದಲ ದೊಡ್ಡ ಒಡಕು ಕಾಣಿಸಿತು, ಮುಂದೆ ಒಂದರ ಹಿಂದೊಂದು ಒಡಕುಗಳಾದವು. ಮೂಲ ಸಭೆಯಾಗಿ ಉಳಿದ ವೆಸ್ಲಿಯನ್ನರ ಕಾನ್ಫರೆನ್ಸಿನೊಳಕ್ಕೆ ಗೃಹಸ್ಥ ಪ್ರತಿನಿಧಿಗಳು ಕಾಲಿಟ್ಟದ್ದು 1878ರಲ್ಲಿ. ದುಡಿಮೆ ನಿಮ್ಮದು, ತೀರ್ಮಾನ ನಮ್ಮದು ಎಂಬ ಏರ್ಪಾಟು ಸ್ಥಾಪಕರ ಮೇಲಿನ ಗೌರವ ಇರುವಷ್ಟು ಕಾಲ ಮಾತ್ರ ನಡೆಯುತ್ತದೆ.

ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದಲ್ಲಿ ಬಹುಸ್ಥಳ ಸಭೆ ಎಂಬ ಹೊಸ ಬಗೆ ಬೆಳೆಯಿತು. ಒಂದೇ ಹೆಸರು, ಒಂದೇ ಆಡಳಿತ, ಒಂದೇ ಖಜಾನೆ ಇಟ್ಟುಕೊಂಡು ನಗರದ, ಕೆಲವು ವೇಳೆ ಹಲವು ರಾಜ್ಯಗಳ, ಬೇರೆ ಬೇರೆ ಸಭಾಂಗಣಗಳಲ್ಲಿ ಕೂಡುವ ಈ ಸಭೆಗಳು ಪ್ರತಿ ಸ್ಥಳವನ್ನು ಕ್ಯಾಂಪಸ್ ಎಂದು ಕರೆಯುತ್ತವೆ. ಹಾಡು, ಪ್ರಾರ್ಥನೆ ಅಲ್ಲಿಯವರದೇ ಆಗಿದ್ದು, ಪ್ರಸಂಗದ ಹೊತ್ತಿಗೆ ತೆರೆ ಇಳಿದು ಮುಖ್ಯ ಬೋಧಕರ ಚಿತ್ರ ಮೂಡುವುದು ಇವುಗಳಲ್ಲಿ ಹಲವುಗಳ ಕ್ರಮ. ಇದರ ಹಿಂದಿನ ಲೆಕ್ಕ ಸರಳ: ಹತ್ತು ಸಾವಿರ ಜನರಿಗೆ ಒಂದು ಸಭಾಗೃಹ ಕಟ್ಟುವುದಕ್ಕಿಂತ ಹತ್ತು ಕಡೆ ಶಾಲೆಯನ್ನೋ ಸಿನಿಮಾ ಮಂದಿರವನ್ನೋ ಬಾಡಿಗೆಗೆ ಹಿಡಿಯುವುದು ಅಗ್ಗ, ಜನ ಮನೆಗೆ ಹತ್ತಿರದಲ್ಲಿ ಕೂಡಬಹುದು, ಒಳ್ಳೆಯ ಬೋಧಕರು ಸಿಗುವುದು ಅಪರೂಪವಾದ್ದರಿಂದ ಸಿಕ್ಕ ಒಬ್ಬರನ್ನೇ ಎಲ್ಲೆಡೆ ಕೇಳಿಸಬಹುದು.

ಸಿಯಾಟಲ್ ನಗರದ ಮಾರ್ಸ್ ಹಿಲ್ ಸಭೆ ಈ ಬಗೆಯ ಬೆಳವಣಿಗೆಯನ್ನೂ ಅದರ ಅಪಾಯವನ್ನೂ ಏಕಕಾಲಕ್ಕೆ ತೋರಿಸುತ್ತದೆ. ಮಾರ್ಕ್ ಡ್ರಿಸ್ಕಾಲ್ ಮತ್ತು ಇಬ್ಬರು ಜೊತೆಗಾರರು 1996ರಲ್ಲಿ ಆರಂಭಿಸಿದ ಈ ಸಭೆ ತನ್ನ ಏರುಗಾಲದಲ್ಲಿ ಐದು ರಾಜ್ಯಗಳ 15 ಸ್ಥಳಗಳಲ್ಲಿ ಕೂಡುತ್ತಿತ್ತು, ವಾರದ ಹಾಜರಿ 12 ಸಾವಿರ ದಾಟಿತ್ತು. ಆರಂಭದಲ್ಲಿ ಹಿರಿಯರ ಮಂಡಲಿಗೆ ತಕ್ಕಮಟ್ಟಿನ ಅಧಿಕಾರವಿತ್ತು. 2007ರಲ್ಲಿ ನಿಯಮಾವಳಿ ತಿದ್ದಿ ಅಧಿಕಾರವನ್ನು ಕೆಲವರ ಕೈಯಲ್ಲಿ ಒಟ್ಟುಗೂಡಿಸಲಾಯಿತು, ಅದನ್ನು ಪ್ರಶ್ನಿಸಿದ ಇಬ್ಬರು ಹಿರಿಯರು ಕೆಲಸ ಕಳೆದುಕೊಂಡರು. ಮುಂದಿನ ಏಳು ವರ್ಷ ಸ್ಥಳಗಳು ಹೆಚ್ಚುತ್ತಲೇ ಹೋದವು. ದಬ್ಬಾಳಿಕೆಯ ನಡವಳಿಕೆ ಕುರಿತು ಹಿಂದಿನ ಹಿರಿಯರೇ ದೂರು ಕೊಟ್ಟು ವಿಚಾರಣೆ ನಡೆದು, 2014ರ ಅಕ್ಟೋಬರ್‌ನಲ್ಲಿ ಡ್ರಿಸ್ಕಾಲ್ ರಾಜೀನಾಮೆ ಕೊಟ್ಟರು. ತಿಂಗಳು ಮುಗಿಯುವುದರೊಳಗೆ ಸಭೆಯನ್ನೇ ವಿಸರ್ಜಿಸುವ ಪ್ರಕಟಣೆ ಹೊರಟಿತು. ವರ್ಷ ಕಳೆದು 2015 ಕಾಲಿಡುವ ಹೊತ್ತಿಗೆ ಮಾರ್ಸ್ ಹಿಲ್ ಎಂಬ ಸಂಸ್ಥೆ ಇರಲಿಲ್ಲ. ಕೆಲವು ಸ್ಥಳಗಳು ಮುಚ್ಚಿದವು, ಹಲವು ತಮ್ಮದೇ ಹೆಸರಿಟ್ಟುಕೊಂಡು ಸ್ವತಂತ್ರ ಸಭೆಗಳಾದವು. ಈ ಕೊನೆಯ ಸಂಗತಿಗೆ ಪತ್ರಿಕೆಗಳು ಹೆಚ್ಚು ಜಾಗ ಕೊಡಲಿಲ್ಲವಾದರೂ ಮುಖ್ಯವಾದದ್ದು ಅದೇ: ತೆರೆಯ ಮೇಲಿನ ಚಿತ್ರ ಆರಿಹೋದ ಮೇಲೂ ಸಭೆ ಉಳಿದದ್ದು, ಜನರನ್ನು ಹೆಸರು ಹಿಡಿದು ಬಲ್ಲ ಸ್ಥಳೀಯ ಪಾಲಕರು ಇದ್ದಲ್ಲಿ.

ತೆರೆಯನ್ನು ಹಳಿದರೆ ಸಾಲದು, ಯಂತ್ರ ಇಲ್ಲಿ ಅಪರಾಧಿಯಲ್ಲ. ಪೌಲನ ಪತ್ರವೂ ದೂರದ ದನಿಯೇ ಆಗಿತ್ತು. ಪತ್ರ ಕೇಳಿದವರು ತಮ್ಮ ಊರಿನ ಹಿರಿಯರ ಮುಂದೆ ಅದನ್ನು ಚರ್ಚಿಸಬಹುದಿತ್ತು, ಒಪ್ಪದಿದ್ದರೆ ವಾದಿಸಲೂಬಹುದಿತ್ತು, ಕೊರಿಂಥದವರು ಹಾಗೆ ವಾದಿಸಿದ್ದಾರೆ ಕೂಡ. ಇಂದಿನ ಬಹುಸ್ಥಳ ಸಭೆಗಳೂ ಎಲ್ಲ ಒಂದೇ ದಾರಿ ಹಿಡಿದಿಲ್ಲ. ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ ಟಿಮ್ ಕೆಲರ್ 1989ರಲ್ಲಿ ಆರಂಭಿಸಿದ ರಿಡೀಮರ್ ಪ್ರೆಸ್ಬಿಟೇರಿಯನ್ ಸಭೆಯೂ ಹಲವು ಸ್ಥಳಗಳಲ್ಲಿ ಕೂಡುತ್ತಿತ್ತು. ಅಲ್ಲಿ ತೆರೆಯ ಬದಲು ಬೋಧಕರೇ ಒಂದು ಆರಾಧನೆಯಿಂದ ಇನ್ನೊಂದಕ್ಕೆ ನಗರದಲ್ಲಿ ಓಡಾಡುತ್ತಿದ್ದರು. 2017ರಲ್ಲಿ ಕೆಲರ್ ಹಿಂದೆ ಸರಿದಾಗ ಅವರ ಜಾಗಕ್ಕೆ ಒಬ್ಬರು ಬರಲಿಲ್ಲ, ಸಭೆ ಮೊದಲೇ ಯೋಚಿಸಿದ್ದಂತೆ ತಮ್ಮ ತಮ್ಮ ಪಾಲಕರುಳ್ಳ ಮೂರು ಸಭೆಗಳಾಯಿತು. ದಕ್ಷಿಣ ಕೊರಿಯಾದ ಯೊಯಿಡೊ ಪೂರ್ಣ ಸುವಾರ್ತಾ ಸಭೆಯ ಕಥೆ ಇನ್ನೂ ತೊಡಕಿನದು. ಚೊ ಯೊಂಗಿ 1958ರಲ್ಲಿ ಸೋಲ್ ನಗರದ ಹೊರವಲಯದಲ್ಲಿ ಆರಂಭಿಸಿದ ಈ ಸಭೆ, 1964ರಲ್ಲಿ ಅವರು ದಣಿದು ಕುಸಿದುಬಿದ್ದ ಮೇಲೆ ಮನೆ ಮನೆಯ ಗುಂಪುಗಳಾಗಿ ಹಂಚಿಕೊಂಡು, ಆ ಗುಂಪುಗಳನ್ನು ಬಹುಪಾಲು ಹೆಂಗಸರ ಕೈಗೆ ವಹಿಸಿ, ಏಳು ಲಕ್ಷಕ್ಕೂ ಹೆಚ್ಚು ಸದಸ್ಯರ ಸಭೆಯಾಗಿ ಬೆಳೆಯಿತು. ಕೆಳಗಡೆ ಅಷ್ಟು ಗಟ್ಟಿಯಾಗಿದ್ದ ಸಭೆಯ ಮೇಲ್ಗಡೆಯಲ್ಲಿ ಹಣಕಾಸಿನ ಲೆಕ್ಕ ಕೇಳುವವರಿರಲಿಲ್ಲ. ನಿವೃತ್ತಿಯ ನಂತರ, 2014ರಲ್ಲಿ, ಸಭೆಗೆ ನಷ್ಟ ಮಾಡಿದ ಪ್ರಕರಣದಲ್ಲಿ ಚೊ ಅವರಿಗೆ ನ್ಯಾಯಾಲಯ ಅಮಾನತಿನಲ್ಲಿಟ್ಟ ಸೆರೆವಾಸ ವಿಧಿಸಿತು. ಅಷ್ಟರಲ್ಲಿ ಹಲವು ಶಾಖಾ ಸಭೆಗಳು ಸ್ವತಂತ್ರವಾಗಿದ್ದವು.

ಕರ್ನಾಟಕದ ಪ್ರೊಟೆಸ್ಟಂಟ್ ಸಭೆಗಳಿಗೆ ಈ ವಿಷಯ ಹೊರಗಿನದಲ್ಲ, ಏಕೆಂದರೆ ಅವು ಹುಟ್ಟಿನಿಂದಲೇ ಹಲವು ಊರಿನ ಸಭೆಗಳು. 1834ರ ಅಕ್ಟೋಬರ್ ಕೊನೆಯಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮಿಶನ್ ಕಳಿಸಿದ ಮಿಶನರಿಗಳು, ಮಂಗಳೂರಿಗೆ ಬಂದ ನಂತರ ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಮೂಲ್ಕಿ, ಉಡುಪಿ ಎಂದು ಠಾಣೆಗಳು ಹರಡಿದವು. ಠಾಣೆ ಎಂದರೆ ಮಿಶನರಿ ನೆಲೆಸಿದ ಊರು, ಅದರ ಸುತ್ತಣ ಹಳ್ಳಿಗಳು ಹೊರಠಾಣೆಗಳು. ಹೊರಠಾಣೆಯಲ್ಲಿ ಇರುತ್ತಿದ್ದವರು ಉಪದೇಶಿ, ಅಂದರೆ ಸಂಸ್ಕಾರ ನಡೆಸುವ ಅಧಿಕಾರವಿಲ್ಲದೆ ಪ್ರಾರ್ಥನೆ, ಪಾಠ, ಸಾಂತ್ವನ ಎಲ್ಲವನ್ನೂ ಮಾಡುತ್ತಿದ್ದ ಅಲ್ಪ ಸಂಬಳದ ಕೆಲಸಗಾರ. ಆನಂದರಾವ್ ಕೌಂಡಿನ್ಯರಂಥವರು ಬಾಸೆಲ್‌ನಲ್ಲಿ ಓದಿ 1851ರಲ್ಲಿ ಗುರುದೀಕ್ಷೆ ಪಡೆದದ್ದು ವಿರಳ ಉದಾಹರಣೆ. ಮುಖ್ಯ ತೀರ್ಮಾನಗಳು ಸ್ವಿಟ್ಜರ್ಲೆಂಡಿನ ಕಮಿಟಿಯಿಂದಲೇ ಬರಬೇಕಿತ್ತು. 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭವಾದ ಮೇಲೆ ಇನ್ನೊಂದು ತೊಡಕು ಸೇರಿಕೊಂಡಿತು: ಭಾನುವಾರ ಬೋಧಿಸುವ ಸಂಸ್ಥೆಯೇ ಸೋಮವಾರ ಕೂಲಿ ಕೊಡುವ ಸಂಸ್ಥೆಯಾದಾಗ ಹಿರಿಯರು ಎದುರು ಮಾತಾಡುವುದು ಸುಲಭವಲ್ಲ. ಮೊದಲ ಮಹಾಯುದ್ಧದಲ್ಲಿ ಬಾಸೆಲ್ ಮಿಶನ್ನಿನ ಜರ್ಮನ್ ಮಿಶನರಿಗಳು ಬಂಧನಕ್ಕೂ ಗಡೀಪಾರಿಗೂ ಒಳಗಾಗಿ, ಕಾರ್ಖಾನೆಗಳು ಕೈತಪ್ಪಿದಾಗ, ಬಂದವರೆಲ್ಲ ಒಮ್ಮೆಲೇ ಹೋದಂತಾಯಿತು. ಸಭೆಗಳು ಮುಚ್ಚಲಿಲ್ಲ. ಉಪದೇಶಿಗಳೂ ದೇಶೀಯ ಪಾಲಕರೂ ಹಿರಿಯರೂ ಬೇರೆ ಮಿಶನ್‌ಗಳ ಅಷ್ಟಿಷ್ಟು ನೆರವಿನಿಂದ ಅವುಗಳನ್ನು ಹಿಡಿದು ನಿಲ್ಲಿಸಿದರು. ಆ ಉಪದೇಶಿಗಳಲ್ಲಿ ಬಹುಮಂದಿಯ ಹೆಸರು ಇಂದು ಸಭೆಯ ರಿಜಿಸ್ಟರುಗಳ ಹೊರಗೆ ಸಿಗುವುದಿಲ್ಲ.

ಹಳೆಯ ಮೈಸೂರು ಸೀಮೆಗೆ ವೆಸ್ಲಿಯನ್ ಮಿಶನ್ನಿನವರು ಬಂದಾಗ ತಮ್ಮ ಸರ್ಕಿಟ್ ಪದ್ಧತಿಯನ್ನೂ ತಂದರು. ಬೆಂಗಳೂರು, ಮೈಸೂರು, ಗುಬ್ಬಿ, ತುಮಕೂರು, ಹಾಸನ, ಶಿವಮೊಗ್ಗಗಳ ಸುತ್ತ ಬೆಳೆದ ಸಭೆಗಳಿಗೆ ಆ ಅಚ್ಚು ಇದೆ. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮತ್ತು ದಕ್ಷಿಣ ಭಾರತ ಸಂಯುಕ್ತ ಸಭೆಗಳು ಒಂದಾಗಿ ದಕ್ಷಿಣ ಭಾರತ ಸಭೆ, ಜನರ ಬಾಯಲ್ಲಿ ಸಿ.ಎಸ್.ಐ., ಸ್ಥಾಪನೆಯಾದಾಗ ಮೂರು ಬಗೆಯ ಆಡಳಿತ ಒಂದೇ ಮನೆಯಲ್ಲಿ ಸಂಸಾರ ಹೂಡಿದವು: ಬಿಷಪ್ಪರು ಒಂದು ಕಡೆಯವರ ಕೊಡುಗೆ, ಹಿರಿಯರ ಸಮಿತಿ ಇನ್ನೊಂದು ಕಡೆಯದು, ವರ್ಗಾವಣೆ ಮೆಥಡಿಸ್ಟರದು. ಒಬ್ಬ ಬಿಷಪ್ಪರ ಆಡಳಿತಕ್ಕೆ ಒಳಪಟ್ಟ ಪ್ರದೇಶವನ್ನು ಡಯಾಸಿಸ್ ಎನ್ನುತ್ತಾರೆ. ಮೈಸೂರು ಡಯಾಸಿಸ್ 1970ರಲ್ಲಿ ಹಂಚಿಕೆಯಾಗಿ ಧಾರವಾಡ, ಬೆಂಗಳೂರು, ಮಂಗಳೂರು ಕೇಂದ್ರಗಳುಳ್ಳ ಉತ್ತರ, ಮಧ್ಯ, ದಕ್ಷಿಣ ಡಯಾಸಿಸ್‌ಗಳಾದವು. ಇವುಗಳೊಳಗಿನ ಕೆಳಘಟಕ ಪಾಸ್ಟರೇಟ್, ಅಂದರೆ ಒಬ್ಬ ಸಭಾಪಾಲಕರ ಹೊಣೆಗೆ ಸೇರಿದ ಒಂದು ಅಥವಾ ಹಲವು ಸಭೆಗಳ ಕೂಟ.

ಹಳ್ಳಿಗಾಡಿನ ಪಾಸ್ಟರೇಟಿನ ಭಾನುವಾರ ಈ ಇಡೀ ಚರಿತ್ರೆಯ ಸಂಗ್ರಹದಂತಿರುತ್ತದೆ. ಜನ ಅಯ್ಯನವರು ಎಂದು ಕರೆಯುವ ಸಭಾಪಾಲಕರು ಬೆಳಗಿನ ಆರಾಧನೆಯನ್ನು ತಾಲ್ಲೂಕು ಊರಿನಲ್ಲಿ ಮುಗಿಸಿ, ಬೈಕಿನ ಹಿಂದೆ ಚೀಲದಲ್ಲಿ ನಿಲುವಂಗಿಯನ್ನೂ ಸಂಸ್ಕಾರದ ಪಾತ್ರೆಯನ್ನೂ ಕಟ್ಟಿಕೊಂಡು ಹಳ್ಳಿಯ ಆಲಯಕ್ಕೆ ಹೋಗುತ್ತಾರೆ, ಸಂಜೆಗೆ ಮತ್ತೊಂದು ಕಡೆ. ಕೆಲವು ಹಳ್ಳಿಗಳಿಗೆ ಅವರ ಸರದಿ ಬರುವುದು ತಿಂಗಳಿಗೊಮ್ಮೆ. ಉಳಿದ ವಾರಗಳಲ್ಲಿ ಆರಾಧನೆಯ ಪುಸ್ತಕ ಹಿಡಿದು ನಿಲ್ಲುವವರು ಊರಿನ ಹಿರಿಯರು, ನಿವೃತ್ತ ಶಾಲಾ ಮಾಸ್ತರು, ಎಷ್ಟೋ ಕಡೆ ಸ್ತ್ರೀ ಸಂಘದ ಕಾರ್ಯದರ್ಶಿ. ಬೆಳೆಹಬ್ಬದ ದಿನ ಜನ ತಂದೊಪ್ಪಿಸಿದ ಕುಂಬಳಕಾಯಿ, ತೆಂಗಿನಕಾಯಿ, ಹುಂಜ, ಅಕ್ಕಿಮೂಟೆಗಳನ್ನು ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹರಾಜು ಹಾಕುತ್ತಾರೆ. ಒಂದು ಕುಂಬಳಕಾಯಿ ಸಂತೆಯ ಬೆಲೆಗಿಂತ ಹತ್ತು ಪಟ್ಟು ಏರುವುದು ಅಲ್ಲಿ ವಿಶೇಷವಲ್ಲ. ಹಾಗೆ ಬಂದ ಹಣದಲ್ಲಿ ಎಷ್ಟು ಹಳ್ಳಿಯ ಆಲಯದ ಮಾಡು ರಿಪೇರಿಗೆ, ಎಷ್ಟು ಪಾಸ್ಟರೇಟಿನ ಪೆಟ್ಟಿಗೆಗೆ, ಎಷ್ಟು ಡಯಾಸಿಸ್‌ಗೆ ಸಲ್ಲಬೇಕಾದ ಪಾಲಿಗೆ ಎಂಬ ಮಾತು ಪಾಸ್ಟರೇಟ್ ಸಮಿತಿಯಲ್ಲಿ ಬಂದಾಗ, ಮುಂದಾಳತ್ವ ಎಂಬುದು ಪ್ರಸಂಗಪೀಠದಿಂದ ಇಳಿದು ಲೆಕ್ಕದ ಪುಸ್ತಕಕ್ಕೆ ಬರುತ್ತದೆ. ಲೆಕ್ಕವನ್ನು ಹಳ್ಳಿಯಲ್ಲಿಯೇ ಓದಿ ಹೇಳುವ ಪಾಲಕರಿಗೆ ಹಳ್ಳಿಯವರು ಕೊಡುವ ಮನ್ನಣೆ, ಎಷ್ಟೇ ಸೊಗಸಾಗಿ ಬೋಧಿಸಿದರೂ ಲೆಕ್ಕ ತೋರಿಸದವರಿಗೆ ಸಿಗುವುದಿಲ್ಲ.

ಈ ವ್ಯವಸ್ಥೆಯ ದುರ್ಬಲ ಜಾಗ ಎರಡು. ಹಳೆಯ ಕಾಲದ ಉಪದೇಶಿಯ ಹುದ್ದೆ ಹಲವೆಡೆ ಕ್ಷೀಣಿಸಿದೆ, ಅವರ ಕೆಲಸವನ್ನು ಹೊತ್ತ ಹಿರಿಯರಿಗೆ ಅದಕ್ಕೆ ತಕ್ಕ ಓದು ಸಿಗುತ್ತಿಲ್ಲ. ಪಾಲಕರ ತರಬೇತಿಗೆ ದೈವಶಾಸ್ತ್ರದ ಕಾಲೇಜುಗಳಲ್ಲಿ ವರ್ಷಗಟ್ಟಲೆ ಖರ್ಚು ಮಾಡುವ ಸಭೆಗಳು, ತಿಂಗಳಲ್ಲಿ ಮೂರು ಭಾನುವಾರ ಆರಾಧನೆ ನಡೆಸುವ ಹಿರಿಯರಿಗೆ ವರ್ಷಕ್ಕೊಂದು ಎರಡು ದಿನದ ಶಿಬಿರ ಏರ್ಪಡಿಸಿ ಸುಮ್ಮನಾಗುವುದು ವೆಸ್ಲಿಯವರ ಲೆಕ್ಕಕ್ಕೂ ಬಾಸೆಲ್‌ನವರ ಲೆಕ್ಕಕ್ಕೂ ಹೊಂದುವುದಿಲ್ಲ. ಎರಡನೆಯದು ಬೇರ್ಪಡಿಸುವ ವಿಷಯ. ಬೆಳೆದ ಹಳ್ಳಿಸಭೆಯೊಂದು ತನ್ನದೇ ಪಾಲಕರನ್ನು ಸಾಕುವಷ್ಟು ಶಕ್ತಿ ಪಡೆದು ಪ್ರತ್ಯೇಕ ಪಾಸ್ಟರೇಟ್ ಆಗಲು ಕೇಳಿದಾಗ ತಾಯಿಸಭೆ ಒಳ್ಳೆಯ ಕಾಣಿಕೆದಾರರನ್ನೂ ಒಳ್ಳೆಯ ಹಾಡುಗಾರರನ್ನೂ ಕಳೆದುಕೊಳ್ಳುತ್ತದೆ, ಆದ್ದರಿಂದ ಅರ್ಜಿ ಸಮಿತಿಯಿಂದ ಸಮಿತಿಗೆ ಅಲೆಯುತ್ತದೆ. ಬೆಂಗಳೂರಿನ ಹೊರವರ್ತುಲದಲ್ಲಿ ಹೊಸ ಬಡಾವಣೆಗಳು ಎದ್ದಂತೆಲ್ಲ ಈ ಅರ್ಜಿಗಳು ಹೆಚ್ಚಲಿವೆ. ನಗರದ ನಡುವಿನ ಹಳೆಯ ಆಲಯಕ್ಕೆ ವಾಹನದಟ್ಟಣೆಯಲ್ಲಿ ಒಂದೂವರೆ ಗಂಟೆ ಕಳೆದು ಬರುವ ಕುಟುಂಬಗಳು ಬಡಾವಣೆಯ ಮನೆಯೊಂದರಲ್ಲಿ ವಾರದ ಪ್ರಾರ್ಥನಾ ಕೂಟ ಆರಂಭಿಸಿರುತ್ತವೆ, ಅದನ್ನು ನಡೆಸುವವರು ಯಾರೆಂಬುದು ಅಲ್ಲಿಯವರಿಗೆ ಆಗಲೇ ಗೊತ್ತಿರುತ್ತದೆ. ಅಂಥವರ ಹೆಸರನ್ನು ಬರೆದುಕೊಂಡು, ಕೂಟದ ಖರ್ಚಿಗೆ ಪ್ರತ್ಯೇಕ ಲೆಕ್ಕ ತೆರೆದು, ಇಷ್ಟು ಕುಟುಂಬ ಇಷ್ಟು ವರ್ಷ ಕೂಡಿದರೆ ಪ್ರತ್ಯೇಕ ಸಭೆ ಎಂಬ ಗಡುವನ್ನು ಮೊದಲೇ ಗೊತ್ತುಮಾಡುವುದಕ್ಕೆ ಹೊಸ ಸಂವಿಧಾನವೇನೂ ಬೇಕಿಲ್ಲ, ಪಾಸ್ಟರೇಟ್ ಸಮಿತಿಯ ಒಂದು ಠರಾವು ಸಾಕು.